ಹಡಗಿನ ತಳವನ್ನು ಕಾಯ್ದ ಕಥೆ



ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಎದುರಿಗೆ ಒಂದು ಶಿಲಾಸ್ತಂಭವಿದೆ. ಕದಂಬ ಮನೆತನದ ಮೂಲಪುರುಷ ಮಯೂರಶರ್ಮನ ವೃತ್ತಾಂತವನ್ನು ತಿಳಿಸುವ ಐದನೆಯ ಶತಮಾನದ ಸಂಸ್ಕೃತ ಶಾಸನ ಅದರ ಮೇಲಿದೆ. ಸುಮಾರು ಒಂದೂವರೆ ಸಾವಿರ ವರ್ಷ ಮಳೆ ಬಿಸಿಲಿಗೆ ಮೈಯೊಡ್ಡಿದ್ದರೂ ಅದನ್ನು ಇಂದಿಗೂ ಓದಬಹುದು.

ಅದೇ ಕದಂಬರ ಹೆಸರನ್ನು ಹೊತ್ತ ಇನ್ನೊಂದು ನೆಲೆ ಕಾರವಾರದಲ್ಲಿದೆ. ಅದು 2005ರ ಮೇ 31ರಂದು ಕಾರ್ಯಾರಂಭ ಮಾಡಿದ ಭಾರತೀಯ ನೌಕಾಪಡೆಯ ಐ.ಎನ್.ಎಸ್. ಕದಂಬ. ಅಲ್ಲಿ ಕಾಪಾಡಬೇಕಾದದ್ದು ಕಲ್ಲಲ್ಲ, ಉಕ್ಕು. ಸೊರಬದ ವರದೆಯೂ ಶಿಕಾರಿಪುರದ ಕುಮುದ್ವತಿಯೂ ಪಡುಗಡಲಿಗೆ ಬೆನ್ನುಹಾಕಿ ಪೂರ್ವಕ್ಕೆ ಹರಿಯುವ ನದಿಗಳು. ಹೀಗಾಗಿ ಕಡಲಿನ ಈ ಸಮಸ್ಯೆ ನಿಮಗೆ ದೂರದ್ದೆನಿಸಬಹುದು. ಆದರೆ ಗದ್ದೆಯ ಬದುವಿನಲ್ಲಿ ಮರೆತುಬಂದ ಕುಡುಗೋಲು ತುಕ್ಕು ಹಿಡಿದದ್ದನ್ನು ನೀವೆಲ್ಲರೂ ನೋಡಿದ್ದೀರಿ. ಸಮುದ್ರದ ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದರಿಂದ ಅಲ್ಲಿ ಇದೇ ಕ್ರಿಯೆ ಹೆಚ್ಚು ಬಿರುಸಾಗಿ ನಡೆಯುತ್ತದೆ.

ಹಡಗಿನ ತಳಕ್ಕೆ ಇಬ್ಬರು ಶತ್ರುಗಳು. ಒಂದು, ಲೋಹವನ್ನು ತಿನ್ನುವ ತುಕ್ಕು. ಇನ್ನೊಂದು, ತಳಕ್ಕೆ ಅಂಟಿ ಬೆಳೆಯುವ ಪಾಚಿ, ಚಿಪ್ಪುಜೀವಿ ಮೊದಲಾದವು. ಇವುಗಳಿಂದ ತಳ ಒರಟಾದರೆ ಹಡಗಿನ ವೇಗ ತಗ್ಗುತ್ತದೆ, ಇಂಧನದ ಖರ್ಚು ಏರುತ್ತದೆ. ಮರದ ಹಡಗುಗಳ ಕಾಲದಲ್ಲಿ ಮರವನ್ನು ಕೊರೆದು ಜೊಳ್ಳು ಮಾಡುವ ಹಡಗುಹುಳುವಿನ ಕಾಟವೂ ಇತ್ತು. ನಮ್ಮ ಕರಾವಳಿಯ ದೋಣಿಗಾರರು ಮೀನೆಣ್ಣೆಯನ್ನೂ ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯನ್ನೂ ದೋಣಿಗೆ ಬಳಿದು ಮರವನ್ನು ಕಾಪಾಡುತ್ತಿದ್ದರು.

ಬ್ರಿಟಿಷ್ ನೌಕಾಪಡೆ 1761ರಲ್ಲಿ 'ಅಲಾರ್ಮ್' ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿ ನೋಡಿತು. ಹುಳುವಿನ ಕಾಟ ತಪ್ಪಿತು, ಚಿಪ್ಪುಜೀವಿಗಳೂ ಹತ್ತಿರ ಸುಳಿಯಲಿಲ್ಲ. ಆದರೆ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಕೊರೆದುಹೋಗಿದ್ದವು. ಎರಡು ಲೋಹಗಳು ಉಪ್ಪುನೀರಿನಲ್ಲಿ ಒಂದನ್ನೊಂದು ಮುಟ್ಟಿದಾಗ ಅಲ್ಲೊಂದು ವಿದ್ಯುತ್ಕೋಶವೇ ಏರ್ಪಡುತ್ತದೆ. ಹೆಚ್ಚು ಕ್ರಿಯಾಶೀಲವಾದ ಲೋಹ ಕರಗುತ್ತದೆ, ಇನ್ನೊಂದು ಉಳಿಯುತ್ತದೆ.

ಈ ದೋಷವನ್ನೇ ಉಪಾಯವಾಗಿ ಬಳಸಿದವರು ಸರ್ ಹಂಫ್ರಿ ಡೇವಿ. ತಾಮ್ರದ ತಗಡು ತಾನೂ ಸವೆಯುತ್ತಿತ್ತಲ್ಲವೇ? ಅದಕ್ಕೆ ಸತು ಅಥವಾ ಕಬ್ಬಿಣದ ಸಣ್ಣ ತುಂಡನ್ನು ಜೋಡಿಸಿದರೆ ಆ ತುಂಡು ಕರಗಿ ತಾಮ್ರ ಉಳಿಯುತ್ತದೆ ಎಂದು ಅವರು 1824ರಲ್ಲಿ ತೋರಿಸಿದರು. ಈ ಪ್ರಯೋಗಕ್ಕೆ ಒಳಗಾದ ಹಡಗುಗಳಲ್ಲಿ ಒಂದಾದ 'ಸಮರಾಂಗ್', ನಮ್ಮ ಕೊಚ್ಚಿಯಲ್ಲಿ ತೇಗದ ಮರದಿಂದ ಕಟ್ಟಿ 1822ರಲ್ಲಿ ನೀರಿಗಿಳಿಸಿದ ಹಡಗು.

ಡೇವಿಯವರ ಲೆಕ್ಕ ಸರಿಯಾಗಿತ್ತು, ತಾಮ್ರ ಉಳಿಯಿತು. ಆದರೆ ರಕ್ಷಣೆ ಪಡೆದ ಹಡಗುಗಳು ಮರಳಿ ಬಂದಾಗ ಅನೇಕವುಗಳ ತಳದಲ್ಲಿ ಚಿಪ್ಪು, ಪಾಚಿ ದಟ್ಟವಾಗಿ ಬೆಳೆದಿದ್ದವು! ಕಾರಣ ಸರಳ. ತಾಮ್ರ ಸ್ವಲ್ಪ ಸ್ವಲ್ಪವೇ ನೀರಿನಲ್ಲಿ ಕರಗುತ್ತಿದ್ದುದರಿಂದಲೇ ಅದು ಜೀವಿಗಳಿಗೆ ವಿಷವಾಗಿತ್ತು. ಕರಗುವುದು ನಿಂತೊಡನೆ ಆ ಕಾವಲೂ ನಿಂತಿತು. ಕೆಲವೇ ವರ್ಷಗಳಲ್ಲಿ ನೌಕಾಪಡೆ ಈ ಉಪಾಯವನ್ನು ಕೈಬಿಟ್ಟಿತು.

ಕಬ್ಬಿಣದ, ಆಮೇಲೆ ಉಕ್ಕಿನ ಹಡಗುಗಳು ಬಂದ ಮೇಲೆ ಡೇವಿಯವರ ತತ್ತ್ವಕ್ಕೆ ಮರುಜೀವ ಬಂತು. ಇಂದು ಉಕ್ಕಿನ ತಳಕ್ಕೆ ಸತು ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ ಗಟ್ಟಿಗಳನ್ನು ಜೋಡಿಸುತ್ತಾರೆ, ಇಲ್ಲವೇ ಹೊರಗಿನಿಂದ ಹದವಾದ ವಿದ್ಯುತ್ತನ್ನು ಹಾಯಿಸುತ್ತಾರೆ. ಜೀವಿಗಳನ್ನು ತಡೆಯಲು ಬೇರೆ ಬಣ್ಣ ಬಳಿಯುತ್ತಾರೆ. ಕಾರವಾರದ ನೆಲೆಯಲ್ಲಿ 10,000 ಟನ್ ಭಾರವನ್ನು ನೀರಿನಿಂದ ಮೇಲೆತ್ತಬಲ್ಲ ಶಿಪ್‌ಲಿಫ್ಟ್ ಇದೆ. ಹಡಗನ್ನು ಹೀಗೆ ದಡಕ್ಕೆ ತಂದರೆ ತಳವನ್ನು ಕೆರೆದು ಹೊಸದಾಗಿ ಬಣ್ಣ ಬಳಿಯಬಹುದು. ತಮಿಳುನಾಡಿನ ಕಾರೈಕುಡಿಯಲ್ಲಿ 1953ರಲ್ಲಿ ಆರಂಭವಾದ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆ ಲೋಹನಾಶದ ಅಧ್ಯಯನದಲ್ಲಿ ತೊಡಗಿದೆ.

ಬಣ್ಣದ ವಿಷಯದಲ್ಲಿಯೂ ಒಂದು ಪಾಠ ಕಾದಿತ್ತು. ತವರದ ಸಂಯುಕ್ತವಾದ ಟ್ರೈಬ್ಯುಟೈಲ್ ಟಿನ್ ಬೆರೆಸಿದ ಬಣ್ಣ ಬಹಳ ಪರಿಣಾಮಕಾರಿಯಾಗಿತ್ತು. ಆದರೆ ಅದು ಹಡಗಿನ ತಳವನ್ನು ದಾಟಿ ನೀರಿಗೆ ಸೇರಿ ಕಡಲಬಸವನಂಥ ಜೀವಿಗಳ ಸಂತಾನಶಕ್ತಿಯನ್ನೇ ಕೆಡಿಸಿತು. ಫ್ರಾನ್ಸಿನಲ್ಲಿ ಸಿಂಪಿ ಸಾಕಣೆಗೆ ಪೆಟ್ಟು ಬಿದ್ದು, 1982ರಲ್ಲಿ ಸಣ್ಣ ದೋಣಿಗಳಿಗೆ ಅದರ ಬಳಕೆ ನಿಷೇಧವಾಯಿತು. 2001ರಲ್ಲಿ ಅಂಗೀಕಾರವಾದ ಅಂತರರಾಷ್ಟ್ರೀಯ ಒಪ್ಪಂದ 2008ರ ಸೆಪ್ಟೆಂಬರ್ 17ರಂದು ಜಾರಿಗೆ ಬಂದು, ಹಡಗುಗಳಿಗೆ ಇಂಥ ಬಣ್ಣ ಬಳಿಯುವುದನ್ನು ನಿಷೇಧಿಸಿತು.

ಒಂದನ್ನು ಉಳಿಸಲು ಹೊರಟಾಗ ಇನ್ನೊಂದಕ್ಕೆ ಏನಾಗುತ್ತದೆ ಎಂದು ಕೇಳಿಕೊಳ್ಳುವುದೂ ವಿಜ್ಞಾನದ ಕೆಲಸವೇ ಎಂಬುದನ್ನು ಈ ಇತಿಹಾಸ ತಿಳಿಸುತ್ತದೆ.

ಕೊನೆಯಲ್ಲಿ ಒಂದು ಪ್ರಯೋಗ. ಮೂರು ಲೋಟಗಳಲ್ಲಿ ಉಪ್ಪುನೀರು ತುಂಬಿ ಒಂದೊಂದು ಕಬ್ಬಿಣದ ಮೊಳೆ ಹಾಕಿ. ಒಂದನ್ನು ಹಾಗೆಯೇ ಬಿಡಿ. ಎರಡನೆಯದಕ್ಕೆ ತಾಮ್ರದ ತಂತಿ, ಮೂರನೆಯದಕ್ಕೆ ಶಾಲೆಯ ಪ್ರಯೋಗಾಲಯದ ಸತುವಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿ. ವಾರದ ನಂತರ ನೋಡಿ. ಡೇವಿಯವರು ಕಂಡದ್ದರ ಮರ್ಮ ಕಡಲಿಲ್ಲದ ನಿಮ್ಮೂರಿನಲ್ಲಿಯೇ ನಿಮಗೆ ತಿಳಿಯುತ್ತದೆ.