ಬೇಲಿಯ ಆಚೆ

ಚೆನ್ನೈಯ ಅಡ್ಯಾರಿನಲ್ಲಿ ತಿರು ವಿ. ಕ. ಸೇತುವೆಯ ಮೇಲೆ ನಿಂತು ಪಡುವಣಕ್ಕೆ ನೋಡಿದರೆ ವಿಮಾನ ನಿಲ್ದಾಣ ಕಾಣುವುದಿಲ್ಲ. ಆದರೆ ಸೇತುವೆಯ ಕೆಳಗೆ ಕಡಲಿನತ್ತ ಸಾಗುವ ನೀರು ಮೀನಂಬಾಕ್ಕಂನ ರನ್‌ವೇ ಒಂದರ ಅಡಿಯಿಂದಲೇ ಹಾದು ಬಂದದ್ದು. ನಿಲ್ದಾಣದ ಎರಡನೆಯ ರನ್‌ವೇಯನ್ನು ವಿಸ್ತರಿಸುವಾಗ ಅದನ್ನು ಅಡ್ಯಾರ್ ನದಿಯ ಮೇಲೆ ಸೇತುವೆ ಕಟ್ಟಿಯೇ ಮುಂದಕ್ಕೆ ಒಯ್ಯಬೇಕಾಯಿತು. ಈ ಊರಿನಲ್ಲಿ ನೆಲೆಸಿದ ನಮಗೆ ವಿಮಾನಯಾನದ ತುರ್ತು ಸಿದ್ಧತೆಯ ಚರಿತ್ರೆಯನ್ನು ನೆನೆಯುವಾಗಲೆಲ್ಲ ಈ ನದಿಯೇ ಮೊದಲು ಕಣ್ಣೆದುರು ಬರುತ್ತದೆ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಗಳ ಪ್ರಕಾರ ಪ್ರತಿಯೊಂದು ನಿಲ್ದಾಣಕ್ಕೂ ಒಂದು ತುರ್ತು ಯೋಜನೆ ಇರಬೇಕು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆಯಾದರೂ ಅದರ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ನಡೆಯಬೇಕು. ಅಗ್ನಿಶಾಮಕ ವಾಹನವು ರನ್‌ವೇಯ ಯಾವ ತುದಿಯನ್ನಾದರೂ 3 ನಿಮಿಷದೊಳಗೆ ತಲುಪುವಂತಿರಬೇಕು. ಇವೆಲ್ಲವೂ ಅಗತ್ಯವಾದ ನಿಯಮಗಳೇ. ಆದರೆ ಅವುಗಳ ಗಮನ ಹೆಚ್ಚಾಗಿ ನಿಲ್ದಾಣದ ಬೇಲಿಯ ಒಳಗಿನದು. ವಿಪತ್ತಿಗೆ ಆ ಬೇಲಿಯ ಪರಿವೆಯಿಲ್ಲ.

ಮಂಗಳೂರಿನ ಹೊರವಲಯದಲ್ಲಿ, ನೇತ್ರಾವತಿಯ ದಡದಲ್ಲಿಯೂ ಒಂದು ಅಡ್ಯಾರ್ ಇದೆ. ಹೆಸರಿನ ಈ ಸಾಮ್ಯವು ನಮ್ಮ ಮನಸ್ಸನ್ನು ಆ ನಗರದ ನಿಲ್ದಾಣದ ಕಡೆಗೆ ಒಯ್ಯುತ್ತದೆ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯನ್ನು ಬಹಳ ಮುಂದೆ ಸ್ಪರ್ಶಿಸಿ, ಅದರ ಕೊನೆಯನ್ನು ದಾಟಿ, ಬೇಲಿಯನ್ನು ಮುರಿದು ಕೆಂಜಾರಿನ ಕಮರಿಗೆ ಉರುಳಿತು. ವಿಮಾನದಲ್ಲಿದ್ದ 166 ಜನರಲ್ಲಿ ಬದುಕಿ ಉಳಿದವರು 8 ಮಂದಿ ಮಾತ್ರ. ಅಸ್ಥಿರವಾಗಿ ಇಳಿಯುತ್ತಿದ್ದ ವಿಮಾನವನ್ನು ಮತ್ತೆ ಮೇಲಕ್ಕೇರಿಸದಿದ್ದುದೇ ಮುಖ್ಯ ಕಾರಣವೆಂದು ತನಿಖಾ ನ್ಯಾಯಾಲಯವು ನಿರ್ಣಯಿಸಿತು. ನಮ್ಮ ಪ್ರಶ್ನೆ ಆನಂತರದ್ದು. ನಿಮಿಷಗಳ ಲೆಕ್ಕವನ್ನು ರನ್‌ವೇಗಾಗಿ ಹಾಕಲಾಗಿತ್ತು. ಬೆಂಕಿ ಹೊತ್ತಿದ್ದು ಇಕ್ಕಟ್ಟಿನ ಹಳ್ಳಿದಾರಿಗಳ ಆಚೆಯ ಕಾಡುಗಮರಿಯಲ್ಲಿ. ನೆರವಿಗೆ ಧಾವಿಸಿದವರಲ್ಲಿ ಸುತ್ತಲಿನ ಮನೆಗಳ ಜನರೂ ಇದ್ದರು. ಯಾವ ಅಣಕು ಕಾರ್ಯಾಚರಣೆಯೂ ಅವರಿಗೆ ಪಾತ್ರವನ್ನು ಹಂಚಿರಲಿಲ್ಲ.

ಬೇಲಿಯ ಆಚೆಗೆ ನಿಲ್ಲುವ ಇನ್ನೊಂದು ಗುಂಪೆಂದರೆ ಬಂಧುಗಳದು. ಆ ವಿಮಾನದಲ್ಲಿದ್ದವರಲ್ಲಿ ಬಹುಮಂದಿ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದ ಕರಾವಳಿಯವರು, ಕಾಸರಗೋಡಿನವರು. ಸುಟ್ಟ ದೇಹಗಳ ಗುರುತು ಹಿಡಿಯಲು ಡಿಎನ್‌ಎ ಪರೀಕ್ಷೆಯ ಮೊರೆ ಹೋಗಬೇಕಾಯಿತು. ಕೊನೆಗೂ ಗುರುತು ಸಿಗದ 12 ದೇಹಗಳನ್ನು ಕೂಳೂರಿನಲ್ಲಿ, ಫಲ್ಗುಣಿಯ ತೀರದಲ್ಲಿ ಒಟ್ಟಾಗಿ ಮಣ್ಣು ಮಾಡಲಾಯಿತು. ಬಂಧುಗಳಿಗೆ ಸುದ್ದಿ ಮುಟ್ಟಿಸುವುದು, ಅವರಿಗೆ ಆಸರೆ ಒದಗಿಸುವುದು, ಮೃತರ ವಸ್ತುಗಳನ್ನು ಹಿಂದಿರುಗಿಸುವುದು ವಿಮಾನ ಸಂಸ್ಥೆಯ ಕರ್ತವ್ಯವೇ ಎಂಬ ತಿಳಿವಳಿಕೆ ಜಗತ್ತಿಗೆ ತಡವಾಗಿ ಬಂದಿತು. ಅಮೆರಿಕದಲ್ಲಿ ಅಪಘಾತಗಳ ಸಂತ್ರಸ್ತ ಕುಟುಂಬಗಳೇ ಹೋರಾಡಿದ ಮೇಲೆ 1996ರಲ್ಲಿ ಅದಕ್ಕೊಂದು ಕಾನೂನು ರೂಪುಗೊಂಡಿತು. 2001ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯೂ ಈ ಕುರಿತು ಮಾರ್ಗದರ್ಶಿಯನ್ನು ಪ್ರಕಟಿಸಿತು. ದುಃಖಿತರು ಕೇಳಿ ಪಡೆದ ನಿಯಮಗಳಿವು ಎಂಬುದನ್ನು ನಾವು ಮರೆಯಲಾಗದು.

ಐದು ವರ್ಷಗಳ ನಂತರ ನಮ್ಮ ಅಡ್ಯಾರಿನ ಸರದಿ ಬಂದಿತು. 2015ರ ಡಿಸೆಂಬರ್ 1ರಂದು ಸುರಿದ ಮಹಾಮಳೆಗೆ ಚೆಂಬರಂಬಾಕ್ಕಂ ಕೆರೆಯಿಂದ ಹೊರಬಿಟ್ಟ ನೀರೂ ಕೂಡಿ ನದಿ ಉಕ್ಕಿತು. ಆ ರಾತ್ರಿ ವಿಮಾನ ನಿಲ್ದಾಣ ಜಲಾವೃತವಾಗಿ ಮುಚ್ಚಿತು. ಪ್ರಯಾಣಿಕ ವಿಮಾನಗಳು ಮತ್ತೆ ಹಾರತೊಡಗಿದ್ದು 6ರ ಹೊತ್ತಿಗೆ. ನಡುವಿನ ದಿನಗಳಲ್ಲಿ ಅರಕ್ಕೋಣಂನ ನೌಕಾಪಡೆಯ ರಾಜಾಳಿ ವಾಯುನೆಲೆಯಿಂದ ನಾಗರಿಕ ವಿಮಾನಗಳನ್ನು ನಡೆಸಲಾಯಿತು. ಇಲ್ಲಿ ಯಾವ ವಿಮಾನವೂ ಕೆಡಲಿಲ್ಲ, ಯಾವ ಚಾಲಕನೂ ತಪ್ಪಲಿಲ್ಲ. ನದಿ ತನ್ನ ಹಳೆಯ ದಾರಿಯಲ್ಲಿ ಬಂದಿತು, ಅಷ್ಟೆ. ಆ ನದಿಯ ನೀರಿನ ಲೆಕ್ಕವಾದರೋ ಬೇಲಿಯಿಂದ ಬಹುದೂರದ ಕೆರೆಯ ತೂಬಿನಲ್ಲಿತ್ತು.

2023ರ ಡಿಸೆಂಬರ್ 4ರಂದು ಮಿಚಾಂಗ್ ಚಂಡಮಾರುತದ ಮಳೆಗೆ ನಿಲ್ದಾಣವು ಮತ್ತೆ ಮುಚ್ಚಿತು. ಇಲ್ಲಿಗೆ ಬರಬೇಕಾಗಿದ್ದ ಅನೇಕ ವಿಮಾನಗಳು ಬೆಂಗಳೂರಿನಲ್ಲಿ ಇಳಿದವು. ಮರುದಿನ ಬೆಳಿಗ್ಗೆಯೇ ಸೇವೆ ಪುನರಾರಂಭವಾಯಿತು. ಎರಡು ಮಳೆಗಳನ್ನು ನೇರವಾಗಿ ಹೋಲಿಸುವುದು ಸಲ್ಲದಾದರೂ, ಎಂಟು ವರ್ಷಗಳಲ್ಲಿ ಎರಡು ಬಾರಿ ಬಂದ ನೀರನ್ನು ಇನ್ನು ಆಕಸ್ಮಿಕವೆಂದು ಕರೆಯುವಂತಿಲ್ಲ.

ತುರ್ತು ಯೋಜನೆ ಎಂಬುದು ಕಪಾಟಿನಲ್ಲಿಡುವ ಕಡತವಲ್ಲ. ಅದು ಯಾರು ಯಾರನ್ನು ಮುಂಚಿತವಾಗಿ ಬಲ್ಲರು ಎಂಬುದರ ವಿಚಾರ. ನಿಲ್ದಾಣದ ಅಧಿಕಾರಿಗೆ ಕೆರೆಯ ಅಭಿಯಂತರರ ಪರಿಚಯವಿರಬೇಕು. ಅಗ್ನಿಶಾಮಕ ದಳಕ್ಕೆ ಕಮರಿಯ ಕಾಲುದಾರಿ ತಿಳಿದಿರಬೇಕು. ವಿಮಾನ ಸಂಸ್ಥೆಗೆ ಬಂಧುಗಳ ಭಾಷೆ ಬಲ್ಲವರು ಬೇಕು. ಊರು ಬಿಟ್ಟು ಬಂದ ನಮ್ಮಂಥವರು ವರ್ಷಕ್ಕೆ ಎಷ್ಟೋ ಸಲ ವಿಮಾನ ಹತ್ತುತ್ತೇವೆ. ಮುಂದಿನ ಅಣಕು ಕಾರ್ಯಾಚರಣೆಯಲ್ಲಿ ಬೇಲಿಯ ಬಾಗಿಲನ್ನೂ ತೆರೆದು ನೋಡಿರೆಂದು ಕೇಳುವ ಹಕ್ಕು ನಮಗಿದೆ.