ಮಾಸ್ಕೋ ನಗರದ ನೆಲದಡಿಯ ನಿಲ್ದಾಣಗಳು: ಇತಿಹಾಸದ ಆಕರವಾಗಿ ಒಂದು ಪರಿಶೀಲನೆ

ಹೊಸ ನಗರವೊಂದಕ್ಕೆ ಹೋದ ಪ್ರವಾಸಿಗನು ಅಲ್ಲಿಯ ಅರಮನೆ, ದೇವಾಲಯ, ವಸ್ತುಸಂಗ್ರಹಾಲಯಗಳನ್ನು ನೋಡಬಯಸುವುದು ಸಹಜ. ಆ ಊರಿನ ಜನರು ದಿನವೂ ಕೆಲಸಕ್ಕೆ ಹೋಗಿಬರುವ ರೈಲುನಿಲ್ದಾಣಗಳನ್ನೇ ನೋಡಲು ಹೋಗುವುದು ಅಪೂರ್ವ. ಈ ಅಪೂರ್ವ ಸಂಗತಿಗೆ ಮಾಸ್ಕೋ ನಗರದ ಮೆಟ್ರೋ ಪ್ರಸಿದ್ಧವಾದ ನಿದರ್ಶನ. ಅದರ ಸೌಂದರ್ಯವನ್ನು ವರ್ಣಿಸಿದವರು ಅನೇಕರಿದ್ದಾರೆ. ಆ ನಿಲ್ದಾಣಗಳನ್ನು ಇತಿಹಾಸದ ಆಕರವಾಗಿ ಬಳಸಬಹುದೆ, ಬಳಸುವುದಾದರೆ ಎಂತಹ ಎಚ್ಚರ ಅವಶ್ಯಕ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ವಿಚಾರಿಸಹೊರಟಿದ್ದೇವೆ.

ನೆಲದಡಿಯ ರೈಲು ಮಾಸ್ಕೋದಲ್ಲಿ ಹುಟ್ಟಿದ್ದಲ್ಲ. ಲಂಡನ್ನಿನಲ್ಲಿ 1863ರಲ್ಲಿಯೇ ಅದು ಆರಂಭವಾಗಿತ್ತು. ಬೀದಿಗಳ ದಟ್ಟಣೆಯನ್ನು ತಗ್ಗಿಸುವುದು ಅದರ ಮುಖ್ಯ ಪ್ರಯೋಜನವಾಗಿತ್ತು. ಮಾಸ್ಕೋದಲ್ಲಿಯೂ ಅದೇ ಅಗತ್ಯವಿದ್ದಿತಾದರೂ, 1931ರ ಜೂನ್ ತಿಂಗಳಲ್ಲಿ ಕಮ್ಯೂನಿಸ್ಟ್ ಪಕ್ಷದ ಕೇಂದ್ರ ಸಮಿತಿಯು ಕೈಗೊಂಡ ನಿರ್ಣಯದ ಹಿಂದೆ ಇನ್ನೊಂದು ಉದ್ದೇಶವೂ ಸೇರಿತ್ತು. ಹೊಸ ಸಮಾಜದ ಸಾಮರ್ಥ್ಯವನ್ನು ಜಗತ್ತಿಗೆ ಕಣ್ಣಾರೆ ತೋರಿಸಬೇಕಾಗಿತ್ತು. ಲಾಜರ್ ಕಗನೋವಿಚ್ ಈ ಕಾರ್ಯದ ಮೇಲ್ವಿಚಾರಣೆಯನ್ನು ವಹಿಸಿಕೊಂಡನು. 1935ರ ಮೇ 15ರಂದು 13 ನಿಲ್ದಾಣಗಳನ್ನುಳ್ಳ, ಸುಮಾರು 11 ಕಿಲೋಮೀಟರು ಉದ್ದದ ಮೊದಲ ಮಾರ್ಗವು ಸಾರ್ವಜನಿಕರಿಗೆ ತೆರೆಯಿತು. ಈ ಸುರಂಗಗಳನ್ನು ತೋಡುತ್ತಿದ್ದ ಕಾಲದಲ್ಲಿಯೇ, ಅಂದರೆ 1932–33ರಲ್ಲಿ, ಉಕ್ರೇನ್, ಕಜಾಕಸ್ತಾನ ಮೊದಲಾದ ಪ್ರಾಂತಗಳಲ್ಲಿ ಭೀಕರ ಕ್ಷಾಮವುಂಟಾಗಿ ಲಕ್ಷಗಟ್ಟಲೆ ಜನರು ಹಸಿವಿನಿಂದ ಸತ್ತರು. ರಾಜಧಾನಿಯ ನೆಲದಡಿಯಲ್ಲಿ ಅಮೃತಶಿಲೆ, ಹಳ್ಳಿಗಾಡಿನಲ್ಲಿ ಅನ್ನವಿಲ್ಲದ ಮನೆ: ಇವೆರಡನ್ನೂ ಒಂದೇ ಕಾಲದ ಸಂಗತಿಗಳಾಗಿ ನೋಡದೆ ಈ ನಿರ್ಮಾಣದ ಅರ್ಥವಾಗದು.

ಇನ್ನು ನಿಲ್ದಾಣಗಳು ಏನನ್ನು ಹೇಳುತ್ತವೆ ಎಂಬುದನ್ನು ನೋಡೋಣ. 1938ರಲ್ಲಿ ತೆರೆದ ‘ಕ್ರಾಂತಿ ಚೌಕ’ ನಿಲ್ದಾಣದಲ್ಲಿ ಶಿಲ್ಪಿ ಮನಿಜರ್ ಹಾಗೂ ಆತನ ಸಂಗಡಿಗರು ರಚಿಸಿದ 76 ಕಂಚಿನ ಪ್ರತಿಮೆಗಳಿವೆ. ಕ್ರಾಂತಿಯ ಯೋಧರು, ಕಾರ್ಮಿಕರು, ರೈತರು, ವಿದ್ಯಾರ್ಥಿಗಳು ಕಮಾನುಗಳ ಕೆಳಗೆ ಕುಳಿತಿದ್ದಾರೆ. ಗಡಿಕಾವಲಿನ ಯೋಧನ ನಾಯಿಯ ಮೂತಿಯನ್ನು ಮುಟ್ಟಿದರೆ ಪರೀಕ್ಷೆಯಲ್ಲಿ ಜಯ ದೊರೆಯುವುದೆಂದು ವಿದ್ಯಾರ್ಥಿಗಳು ನಂಬಿರುವುದರಿಂದ ಆ ಮೂತಿಯು ಸವೆದು ಹೊಳೆಯುತ್ತಿದೆ. ಅದೇ ವರ್ಷದ ‘ಮಾಯಕೋವ್ಸ್ಕಯ’ ನಿಲ್ದಾಣವು ವಾಸ್ತುಶಿಲ್ಪಿ ದುಷ್ಕಿನನ ಕೃತಿ. ಅದರ ಮಾಳಿಗೆಯಲ್ಲಿ ದೈನೇಕನು ರಚಿಸಿದ ಮೊಸಾಯಿಕ್ ಚಿತ್ರಗಳು ಸೋವಿಯತ್ ನಾಡಿನ ಆಕಾಶವನ್ನು ಹಗಲಿರುಳಿನ ಕ್ರಮದಲ್ಲಿ ತೋರುತ್ತವೆ. ವಿಮಾನಗಳು ಸಂಭ್ರಮದಿಂದ ಹಾರುವ ಆ ಚಿತ್ರಗಳ ಕೆಳಗೆಯೇ 1941ರಲ್ಲಿ ಮಾಸ್ಕೋದ ಜನರು ಜರ್ಮನ್ ವಿಮಾನಗಳ ಬಾಂಬುಗಳಿಗೆ ಹೆದರಿ ಆಶ್ರಯ ಪಡೆದರು. ಆ ವರ್ಷದ ನವೆಂಬರ್ 6ರಂದು ಸ್ಟಾಲಿನನು ಅಲ್ಲಿಯೇ ಭಾಷಣ ಮಾಡಿದನು.

ಯುದ್ಧಾನಂತರ, 1952ರಲ್ಲಿ ತೆರೆದ ವೃತ್ತಮಾರ್ಗದ ‘ಕೊಮ್ಸೊಮೊಲ್ಸ್ಕಯ’ ನಿಲ್ದಾಣದಲ್ಲಿ ಈ ವೈಭವವು ಪರಾಕಾಷ್ಠೆಯನ್ನು ಮುಟ್ಟಿತು. ಅದನ್ನು ಕಲ್ಪಿಸಿದ ಷ್ಚೂಸೆವ್ ಅಷ್ಟರಲ್ಲಿ ತೀರಿಕೊಂಡಿದ್ದನು. ಕೊರಿನ್ ರಚಿಸಿದ ಮೊಸಾಯಿಕ್ ಫಲಕಗಳು ರಷ್ಯದ ಹಳೆಯ ಸೇನಾನಾಯಕರಿಂದ ಹಿಡಿದು 1945ರ ವಿಜಯದವರೆಗಿನ ಕಥೆಯನ್ನು ಹೇಳುತ್ತವೆ. ಪ್ರವಾಸಿಗರು ತಲೆಯೆತ್ತಿ ನೋಡುವುದು ಇವನ್ನೇ. ಆದರೆ ಇಂದು ಕಾಣುವ ಫಲಕಗಳೆಲ್ಲವೂ 1952ರವಲ್ಲ. 1956ರಲ್ಲಿ ಕ್ರುಶ್ಚೇವನು ಸ್ಟಾಲಿನನನ್ನು ಖಂಡಿಸಿದ ತರುವಾಯದ ವರ್ಷಗಳಲ್ಲಿ ಸ್ಟಾಲಿನನ ರೂಪವಿದ್ದ ಫಲಕಗಳನ್ನು ಬದಲಿಸಲಾಯಿತು. ವಿಜಯದ ಕವಾಯತನ್ನು ನೋಡುತ್ತಿದ್ದ ನಾಯಕರು ಹೋಗಿ ಆ ಜಾಗದಲ್ಲಿ ಮಾತೃಭೂಮಿಯ ಪ್ರತೀಕವಾದ ಸ್ತ್ರೀಯೊಬ್ಬಳು ಬಂದಳು.

ಹೆಸರುಗಳ ಗತಿಯೂ ಹೀಗೆಯೇ. 1935ರಲ್ಲಿ ಮೆಟ್ರೋಗೆ ಕಗನೋವಿಚನ ಹೆಸರನ್ನಿಟ್ಟಿದ್ದರು. 1955ರಲ್ಲಿ ಅದು ಲೆನಿನನ ಹೆಸರಾಯಿತು. ‘ಅಖೋತ್ನಿ ರ್ಯಾದ್’ ಎಂಬ ಒಂದೇ ನಿಲ್ದಾಣವು 1955ರಲ್ಲಿ ಕಗನೋವಿಚನ ಹೆಸರನ್ನು ಪಡೆದು, 1957ರಲ್ಲಿ ಆತನು ಪದಚ್ಯುತನಾದೊಡನೆ ಅದನ್ನು ಕಳೆದುಕೊಂಡು, 1961ರಲ್ಲಿ ಮಾರ್ಕ್ಸನ ಹೆಸರಿಗೆ ಒಳಪಟ್ಟು, 1990ರಲ್ಲಿ ಮತ್ತೆ ಮೊದಲಿನ ಹೆಸರಿಗೆ ಮರಳಿತು. ಕಟ್ಟಡದ ಶೈಲಿಯೂ ಆಜ್ಞೆಗೆ ಒಳಪಟ್ಟಿತ್ತು. 1955ರ ನವೆಂಬರಿನಲ್ಲಿ ಹೊರಟ ಸರ್ಕಾರಿ ನಿರ್ಣಯವೊಂದು ಕಟ್ಟಡಗಳ ಅತಿಯಾದ ಅಲಂಕಾರವನ್ನು ನಿಷೇಧಿಸಿತು. ಆಮೇಲೆ ಕಟ್ಟಿದ ಅನೇಕ ನಿಲ್ದಾಣಗಳು ಒಂದೇ ಅಚ್ಚಿನವು, ಸರಳವಾದವು. ಪ್ರವಾಸಿಗರು ಇಂಥವುಗಳ ಮುಂದೆ ನಿಲ್ಲುವುದು ಕಡಮೆ. ಆದರೆ ಲಕ್ಷಾಂತರ ಕುಟುಂಬಗಳಿಗೆ ಶೀಘ್ರವಾಗಿ ವಸತಿ ಒದಗಿಸಹೊರಟ ಯುಗದ ಮಿತವ್ಯಯಕ್ಕೆ ಅವೂ ಸಾಕ್ಷಿಗಳೆಂಬುದನ್ನು ನಾವು ಮರೆಯಲಾಗದು.

ಅಳಿಸಿದ್ದು ಮರಳಿ ಬರುವುದೂ ಉಂಟು. ‘ತಗಾನ್ಸ್ಕಯ’ ನಿಲ್ದಾಣದಲ್ಲಿ ಜನರು ಸ್ಟಾಲಿನನಿಗೆ ಕೃತಜ್ಞತೆ ಸಲ್ಲಿಸುವಂತೆ ತೋರಿಸಿದ್ದ ಉಬ್ಬುಶಿಲ್ಪವನ್ನು 1960ರ ದಶಕದಲ್ಲಿ ತೆಗೆದುಹಾಕಿದ್ದರು. 2025ರ ಮೇ ತಿಂಗಳಲ್ಲಿ ಅದರ ಪ್ರತಿಕೃತಿಯನ್ನು ಅಲ್ಲಿ ನಿಲ್ಲಿಸಲಾಯಿತು. ಕೆಲವರು ಹೂವುಗಳನ್ನು ತಂದಿಟ್ಟರು, ಕೆಲವರು ಪ್ರತಿಭಟಿಸಿದರು.

ಶಾಸನಗಳನ್ನು ಓದುವ ವಿದ್ವಾಂಸನು ಉಳಿದ ಅಕ್ಷರಗಳಷ್ಟೇ ಎಚ್ಚರದಿಂದ ಕೆತ್ತಿಹಾಕಿದ ಎಡೆಯನ್ನೂ ಪರಿಶೀಲಿಸುತ್ತಾನೆ. ಯಾರು ಅಳಿಸಿದರು, ಯಾವಾಗ, ಮತ್ತೆ ಬರೆದವರು ಯಾರು ಎಂದು ಕೇಳುತ್ತಾನೆ. ಮಾಸ್ಕೋದ ನಿಲ್ದಾಣಗಳಿಗೂ ಇದೇ ಕ್ರಮವು ಸಲ್ಲತಕ್ಕದ್ದು. ಅವು ಕಟ್ಟಿದ ಕಾಲಕ್ಕೆ ಮಾತ್ರ ಸಾಕ್ಷಿಗಳಲ್ಲ, ತಿದ್ದಿದ ಪ್ರತಿಯೊಂದು ಕಾಲಕ್ಕೂ ಸಾಕ್ಷಿಗಳು. ಅವುಗಳ ಚೆಲುವನ್ನು ಕಂಡು ಸಂತೋಷಪಡುವುದು ತಪ್ಪಲ್ಲ. ಆ ಚೆಲುವಿನ ಹಿಂದಿರುವ ದುಡಿಮೆ, ಹಸಿವು, ಭಯಗಳನ್ನು ಗೋಡೆಯ ಮೇಲೆ ಯಾರೂ ಚಿತ್ರಿಸಲಿಲ್ಲವಾದುದರಿಂದ, ಅವನ್ನು ದಾಖಲೆಗಳಿಂದ ತಂದು ಚಿತ್ರದ ಪಕ್ಕದಲ್ಲಿಡುವುದು ಇತಿಹಾಸದ ವಿದ್ಯಾರ್ಥಿಯ ಕರ್ತವ್ಯವೆಂದು ನಮ್ಮ ಅಭಿಪ್ರಾಯ.