ಲಿನಕ್ಸ್ ಗಣಕಯಂತ್ರದಲ್ಲಿ ವಿಂಡೋಸ್ ತಂತ್ರಾಂಶಗಳ ಸಹಾಯ ಕಡತಗಳನ್ನು ಓದುವ ವಿಧಾನ
(ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ)

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳಲ್ಲಿ ಮನೆಗಳು ತೋಟ ಮತ್ತು ಕಾಡಿನ ನಡುವೆ ದೂರದೂರಕ್ಕೆ ಚದುರಿಕೊಂಡಿವೆ. ಮಳೆಗಾಲದಲ್ಲಿ ವಿದ್ಯುತ್ ಮತ್ತು ಅಂತರಜಾಲ ಸಂಪರ್ಕ ಕಡಿತಗೊಳ್ಳುವುದು ಇಲ್ಲಿ ಅಪರೂಪವಲ್ಲ. ಆದ್ದರಿಂದ ತಂತ್ರಾಂಶದ ಜೊತೆಯಲ್ಲಿಯೇ ಬರುವ, ಅಂತರಜಾಲದ ನೆರವಿಲ್ಲದೆ ಓದಬಹುದಾದ ಸಹಾಯ ಕಡತವು ಈ ಭಾಗದ ಅರ್ಜಿದಾರರಿಗೆ ಹೆಚ್ಚು ಉಪಯುಕ್ತವಾಗಿರುತ್ತದೆ. ಆದರೆ ವಿಂಡೋಸ್‌ಗಾಗಿ ಸಿದ್ಧಪಡಿಸಿದ ಇಂತಹ ಕಡತವು ಲಿನಕ್ಸ್‌ನಲ್ಲಿ ಒಂದೋ ತೆರೆಯುವುದೇ ಇಲ್ಲ, ಇಲ್ಲವೇ ತೆರೆದರೂ ಕನ್ನಡದ ಸ್ಥಳದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸಿಕೊಳ್ಳುತ್ತವೆ. ಇವೆರಡೂ ಪ್ರತ್ಯೇಕ ತೊಂದರೆಗಳಾಗಿದ್ದು, ಮೊದಲನೆಯದನ್ನು ಸರಿಪಡಿಸಿದ ಮಾತ್ರಕ್ಕೆ ಎರಡನೆಯದು ತಾನಾಗಿ ಸರಿಹೋಗುವುದಿಲ್ಲ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು.

ಕಡತದ ಬಗೆ

ಮೊದಲು ಕಡತದ ಹೆಸರಿನ ಕೊನೆಯ ಮೂರು ಅಕ್ಷರಗಳನ್ನು ನೋಡಬೇಕು. 'ಎಚ್‌ಎಲ್‌ಪಿ' ಎಂದಿದ್ದಲ್ಲಿ ಅದು 1990ರ ವಿಂಡೋಸ್ 3.0 ಕಾಲದ ಹಳೆಯ ಮಾದರಿ. 'ಸಿಎಚ್‌ಎಂ' ಎಂದಿದ್ದಲ್ಲಿ 1997ರಲ್ಲಿ ಬಂದ, ಜಾಲಪುಟಗಳನ್ನು ಒಂದೇ ಕಡತದಲ್ಲಿ ಅಡಕಗೊಳಿಸಿದ ಮಾದರಿ. ಹಳೆಯ ಮಾದರಿಯ ವೀಕ್ಷಕವನ್ನು ವಿಂಡೋಸ್ ವಿಸ್ತಾದಿಂದಲೇ ಕೈಬಿಡಲಾಗಿದ್ದು, ವಿಂಡೋಸ್ 10ಕ್ಕೆ ಅದನ್ನು ಪ್ರತ್ಯೇಕವಾಗಿಯೂ ಒದಗಿಸಲಿಲ್ಲ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಎಂಬ ಮುಕ್ತ ತಂತ್ರಾಂಶದಲ್ಲಿ ಮಾತ್ರ ಇದಕ್ಕೆ ಬದಲಿ ವೀಕ್ಷಕವಿದೆ. ಅಂದರೆ ಈ ಹಳೆಯ ಕಡತಗಳ ಮಟ್ಟಿಗೆ ಲಿನಕ್ಸ್ ಬಳಕೆದಾರರೇ ಹೊಸ ವಿಂಡೋಸ್ ಬಳಕೆದಾರರಿಗಿಂತ ಅನುಕೂಲಕರ ಸ್ಥಿತಿಯಲ್ಲಿದ್ದಾರೆ. ಜೊತೆಗಿರುವ 'ಸಿಎನ್‌ಟಿ' ಕಡತದಲ್ಲಿ ವಿಷಯಸೂಚಿ ಇರುವುದರಿಂದ ಎರಡನ್ನೂ ಒಂದೇ ಫೋಲ್ಡರ್‌ನಲ್ಲಿ ಇಡತಕ್ಕದ್ದು.

ತೆರೆಯುವ ಕ್ರಮ

ಸಿಎಚ್‌ಎಂ ಕಡತವನ್ನು ಓದುವುದಷ್ಟೇ ಉದ್ದೇಶವಾಗಿದ್ದಲ್ಲಿ ವೈನ್‌ನ ಅಗತ್ಯವಿಲ್ಲ. ಎಕ್ಸ್‌ಸಿಎಚ್‌ಎಂ ಅಥವಾ ಕೆಸಿಎಚ್‌ಎಂ ವ್ಯೂವರ್ ಎಂಬ ಓದುಗ ತಂತ್ರಾಂಶಗಳಲ್ಲಿ ಒಂದನ್ನು ಅಳವಡಿಸಿಕೊಂಡರೆ ಸಾಕು. ತಂತ್ರಾಂಶವನ್ನೇ ವೈನ್ ಮೂಲಕ ನಡೆಸುತ್ತಿದ್ದು, ಅದರೊಳಗಿನ 'ಸಹಾಯ' ಗುಂಡಿಯನ್ನು ಒತ್ತಿದಾಗ ಖಾಲಿ ಕಿಟಕಿ ಮಾತ್ರ ಬಂದಲ್ಲಿ, ವೈನ್‌ನ ಗೆಕೋ ಎಂಬ ಪೂರಕ ಘಟಕ ಅಳವಡಿಕೆಯಾಗಿಲ್ಲವೆಂದು ಬಹುಮಟ್ಟಿಗೆ ತಿಳಿಯಬಹುದು. ಮೊದಲ ಬಾರಿ ವೈನ್ ನಡೆಸಿದಾಗ ಇದನ್ನು ಅಳವಡಿಸಲು ಅನುಮತಿ ಕೇಳಲಾಗುತ್ತದೆ. ಅವಸರದಲ್ಲಿ 'ರದ್ದು' ಒತ್ತಿದವರಿಗೆ ಈ ತೊಂದರೆ ಎದುರಾಗುತ್ತದೆ.

ಮೂರನೆಯ ಮಾರ್ಗವೆಂದರೆ 7-ಜಿಪ್ ಮೂಲಕ ಕಡತವನ್ನು ಬಿಡಿಸಿ, ಒಳಗಿನ ಪುಟಗಳನ್ನು ಫೈರ್‌ಫಾಕ್ಸ್‌ನಲ್ಲಿ ಓದುವುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವನ್ನು ವಿಂಡೋಸ್ ಪರಿಗಣಿಸುವುದಿಲ್ಲ, ಲಿನಕ್ಸ್ ಪರಿಗಣಿಸುತ್ತದೆ. ಹೀಗಾಗಿ ಬಿಡಿಸಿದ ಪುಟಗಳಲ್ಲಿ ಕೆಲವು ಕೊಂಡಿಗಳು ಕೆಲಸ ಮಾಡದಿರಬಹುದು, ಚಿತ್ರಗಳು ಕಾಣದಿರಬಹುದು. ಕಡತ ಹಾಳಾಗಿದೆ ಎಂದು ಭಾವಿಸಿ ಮತ್ತೊಮ್ಮೆ ಇಳಿಸಿಕೊಳ್ಳುವ ಮುನ್ನ ಹೆಸರುಗಳನ್ನು ತಾಳೆ ನೋಡುವುದು ಒಳಿತು.

ಅಪರಿಚಿತರಿಂದ ಮಿಂಚಂಚೆಯಲ್ಲಿ ಬಂದ ಸಿಎಚ್‌ಎಂ ಕಡತಗಳನ್ನು ವೈನ್‌ನಲ್ಲಿ ತೆರೆಯಬಾರದು. ವೈನ್‌ನಲ್ಲಿ ನಡೆಯುವ ತಂತ್ರಾಂಶಕ್ಕೆ ಬಳಕೆದಾರರ ಸ್ವಂತ ಕಡತಗಳೂ ಸಾಮಾನ್ಯವಾಗಿ ನಿಲುಕುತ್ತವೆ.

ಕನ್ನಡ ಅಕ್ಷರಗಳು ಕಾಣದಿದ್ದಲ್ಲಿ

ಯೂನಿಕೋಡ್ ವ್ಯಾಪಕವಾಗುವ ಮೊದಲು ಕನ್ನಡ ಗಣಕ ಪರಿಷತ್ತಿನ ನುಡಿ ಹಾಗೂ ಬರಹದಂತಹ ತಂತ್ರಾಂಶಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಕೂಡಿಸಲಾಗುತ್ತಿತ್ತು. ಕಡತದಲ್ಲಿ ಉಳಿಯುವುದು ಸಂಕೇತ ಮಾತ್ರ. ಅದನ್ನು ಕನ್ನಡವಾಗಿ ತೋರಿಸುವುದು ಫಾಂಟು. ಆ ಫಾಂಟು ಇಲ್ಲದ ಗಣಕಯಂತ್ರದಲ್ಲಿ ಅದೇ ಸಂಕೇತಗಳು ರೋಮನ್ ಅಕ್ಷರಗಳಾಗಿಯೇ ಕಾಣುತ್ತವೆ. ಲಿನಕ್ಸ್‌ನಲ್ಲಿ ದೊರೆಯುವ ಲೋಹಿತ್, ಗುಬ್ಬಿ, ನವಿಲು ಮುಂತಾದವು ಯೂನಿಕೋಡ್ ಫಾಂಟುಗಳಾದ್ದರಿಂದ ಅವುಗಳನ್ನು ಎಷ್ಟು ಸೇರಿಸಿದರೂ ಪ್ರಯೋಜನವಾಗದು.

ಇದಕ್ಕೆ ಸಹಾಯ ಪುಟದಲ್ಲಿ ಹೆಸರಿಸಿರುವ ಫಾಂಟನ್ನೇ ಬಳಕೆದಾರರ ಫಾಂಟು ಫೋಲ್ಡರ್‌ಗೆ ಹಾಕಿ, ಫಾಂಟುಗಳ ಪಟ್ಟಿಯನ್ನು ನವೀಕರಿಸಬೇಕು. ಅಲ್ಲಿರುವ ಫಾಂಟುಗಳು ವೈನ್‌ಗೂ ದೊರೆಯುತ್ತವೆ. ಫೈರ್‌ಫಾಕ್ಸ್‌ನಲ್ಲಿ ಓದುವವರು ಪುಟಗಳು ತಮ್ಮದೇ ಫಾಂಟು ಬಳಸಲು ಅವಕಾಶ ನೀಡುವ ಆಯ್ಕೆ ಚಾಲ್ತಿಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು.

ಅರ್ಜಿ ಸಲ್ಲಿಸುವಾಗ

ಸಹಾಯ ಕಡತದಲ್ಲಿರುವ ಮಾದರಿ ಒಕ್ಕಣೆಯನ್ನು ನಕಲಿಸಿ ಸೇವಾ ಸಿಂಧುವಿನಂತಹ ಜಾಲತಾಣದ ನಮೂನೆಯಲ್ಲಿ ಅಂಟಿಸಬಾರದು. ಹೀಗೆ ಅಂಟಿಸಿದ ಹಳೆಯ ಸಂಕೇತಗಳು ಅಲ್ಲಿ ಕನ್ನಡವಾಗುವುದಿಲ್ಲ. ಅರ್ಜಿದಾರರ ಹೆಸರು, ಊರು, ತಂದೆಯ ಹೆಸರು ಓದಲಾಗದ ಸ್ಥಿತಿಯಲ್ಲಿ ದಾಖಲಾಗಬಹುದು. ಇದಕ್ಕಿಂತ ಸುಲಭವಾಗಿ ಕಣ್ತಪ್ಪುವುದು ಲಗತ್ತುಗಳು. ಫಾಂಟು ಇರುವ ಮನೆಯ ಗಣಕಯಂತ್ರದಲ್ಲಿ ಪತ್ರವು ಸರಿಯಾಗಿಯೇ ಕಾಣುತ್ತದೆ, ಫಾಂಟು ಇಲ್ಲದ ಕಚೇರಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ಲಗತ್ತುಗಳನ್ನು ಫಾಂಟು ಅಡಕಗೊಂಡ ಪಿಡಿಎಫ್ ರೂಪದಲ್ಲಿ ಸಲ್ಲಿಸುವುದು ಸೂಕ್ತ.

ನುಡಿಯ ಕೀಲಿಮಣೆ ಅಭ್ಯಾಸವಾಗಿದೆ ಎಂಬ ಒಂದೇ ಕಾರಣಕ್ಕೆ ಆ ತಂತ್ರಾಂಶವನ್ನು ವೈನ್‌ನಲ್ಲಿ ನಡೆಸುವವರಿಗೆ ಮೇಲಿನ ಯಾವುದೂ ಬೇಕಾಗಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆಯು ಲಿನಕ್ಸ್‌ನ ಭಾಷಾ ಆಯ್ಕೆಗಳಲ್ಲಿಯೇ ದೊರೆಯುತ್ತಿದ್ದು, ಅದರಲ್ಲಿ ಬೆರಳಚ್ಚಿಸಿದ ಪಠ್ಯವು ನೇರವಾಗಿ ಯೂನಿಕೋಡ್‌ನಲ್ಲಿರುತ್ತದೆ. ಗಣಕಯಂತ್ರದಲ್ಲಿ ಅರ್ಜಿ ಸಿದ್ಧಪಡಿಸಲು ಸಾಧ್ಯವಾಗದವರು ಸಂಬಂಧಿಸಿದ ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.